ಹುಲ್ಲಿನ ಕುತ್ರಿಯೊಳಗಿನ ಮಕ್ಕಳು

ಹೊನ್ನಾವರ, ೧೯೬೩

ಅಬ್ಬೆ, ಇವತ್ತು ನೀನು ಬದುಕಿರಬೇಕಿತ್ತು! ಸಿಡುಬಿನ ದಾಕು ಹಾಕಲು ಮಾವಿನಕುರ್ವೆಗೆ ಹೋದರೆ ಊರಲ್ಲಿ ಒಂದು ಮಗುವೂ ಇಲ್ಲ!

"ಮಕ್ಳೆಲ್ಲ ಅಜ್ಜಿಮನೆಗೆ ಹೋಗಿದ್ರು ಮಾರಾಯ್ರೆ," ಎಂದಳು ಮಾಸ್ತಮ್ಮ ಎಂಬವಳು.

ನನಗೆ ನಗು ಬಂತು. ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಲ್ಲ! ಸೀದಾ ಅವಳ ಹಿತ್ತಲಿನ ಹುಲ್ಲಿನ ಕುತ್ರಿಯ ಪಕ್ಕ ಕೂತು ನನ್ನ ತಂಗಿ ಬಂಗಾರಿಯ ಸುದ್ದಿ ತೆಗೆದೆ. ದಾಕಿನವರು ಬಂದಾಗ ನೀನು ಅವಳನ್ನು ಕುತ್ರಿಯೊಳಗೆ ಅಡಗಿಸಿದ್ದು, ನಾನು ಮೇಲೆ ಹುಲ್ಲು ಹೊದೆಸಿದ್ದು, ಮರುವರ್ಷ ಅವಳು ಸಿಡುಬೆದ್ದು ತೀರಿಹೋದದ್ದು, ಎಲ್ಲ ಹೇಳಿದೆ. ಮಾಸ್ತಮ್ಮ ಹುಲ್ಲು ಸರಿಸಿದಳು. ಮೂರು ಮಕ್ಕಳು, ಅಬ್ಬೆ! ಸಂಜೆಯೊಳಗೆ ಇಡೀ ಊರೇ ತೋಳು ಚಾಚಿತು!

ಹೊರಡುವ ಮೊದಲು ಮತ್ತೆ ಕುತ್ರಿಯ ಬಳಿ ಹೋದೆ.

"ಇನ್ನೂ ಎಂತ ಹುಡುಕ್ತೀರಿ? ನನ್ನ ಮೂರೂ ಮಕ್ಳು ಬಂದ್ವಲ್ಲ," ಎಂದಳು ಮಾಸ್ತಮ್ಮ.

ನನ್ನ ಕೈ ಹುಲ್ಲಿನೊಳಗೇ ಇತ್ತು.