ನೀಲವ್ವನ ಹದ

ದೊಡ್ಡವ್ವಾ,

ನಾನು ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಖೋಲಿ ಹಿಡಿದು ಮುಲ್ಕಿ ಪರೀಕ್ಷೆಗೆ ಓದುತ್ತಿದ್ದಾಗ ತಿಂಗಳಿಗೊಂದು ಕಾರ್ಡು ಹಾಕುತ್ತಿದ್ದೆ. ನಿನಗೆ ಓದು ಬರುತ್ತಿರಲಿಲ್ಲ. ಶಿರಗುಪ್ಪಿಯ ಮಾಸ್ತರರ ಮನೆಗೆ ಹೋಗಿ, ಅವರು ಊಟ ಮುಗಿಸಿ ಏಳುವವರೆಗೆ ಪಡಸಾಲೆಯಲ್ಲಿ ಕುಳಿತು, ಎರಡೆರಡು ಸಲ ಓದಿಸಿಕೊಂಡು ಬರುತ್ತಿದ್ದೆಯಂತೆ. ಈ ಕಾಗದವನ್ನು ಅಲ್ಲಿ ಯಾರಿಂದ ಓದಿಸಿಕೊಳ್ಳುತ್ತೀಯೋ ನನಗೆ ತಿಳಿಯದು. ದೊಡ್ಡಪ್ಪನ ಕೈಗೆ ಮಾತ್ರ ಕೊಡಬೇಡ. ಅವನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅರ್ಧ ಓದಿ ಹರಿದು ಬಿಸಾಡಿಬಿಟ್ಟರೆ ಉಳಿದರ್ಧ ನಿನಗೆ ಮುಟ್ಟುವುದಿಲ್ಲ. ಹೇಳಬೇಕಾದದ್ದೆಲ್ಲ ಆ ಉಳಿದರ್ಧದಲ್ಲೇ ಇದೆ.

ಬಿತ್ತನೆಯ ಕಾಲ ಬಂದರೆ ಬೆಳಿಗ್ಗೆ ಬಿಸಿಲೇರುವ ಮೊದಲೇ ಊರಿನವರು ಒಬ್ಬೊಬ್ಬರಾಗಿ ನಮ್ಮ ಕಟ್ಟೆಗೆ ಬರುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಪ್ರತಿಯೊಬ್ಬರ ಕೈಯಲ್ಲೂ ಒಂದು ಔಡಲ ಎಲೆ, ಎಲೆಯಲ್ಲಿ ಅವರವರ ಹೊಲದಿಂದ ಮೊಣಕೈ ಆಳಕ್ಕೆ ಅಗೆದು ತೆಗೆದ ಎರೆಮಣ್ಣು. ನೀನು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಆ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ, ಹೆಬ್ಬೆರಳಿನಿಂದ ಒಡೆದು ನೋಡುತ್ತಿದ್ದೆ. ನಲವತ್ತು ವರ್ಷ ಕೂರಿಗೆಯ ಹಿಂದೆ ನಡೆದು ಬೀಜ ಬಿಟ್ಟ ಕೈ ಅದು. ಬಿತ್ತಲು ಬೇಕಾದ ಹದ ನೆಲದೊಳಗೆ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುತ್ತಿತ್ತು. ಇಲ್ಲದಿದ್ದರೆ "ತಡೀರಿ, ಭೂಮಿ ಇನ್ನಾ ಉಂಡಿಲ್ಲ" ಎನ್ನುತ್ತಿದ್ದೆ. "ಬಿತ್ತಿರಿ" ಎಂದು ಮಾತ್ರ ಬಾಯಿಬಿಟ್ಟು ಎಂದೂ ಹೇಳಿದವಳಲ್ಲ. ಮಳೆಯ ಮುಂದೆ ಮನುಷ್ಯರು ಅಷ್ಟು ದೊಡ್ಡ ಮಾತು ಆಡಬಾರದು ಎಂಬುದು ನಿನ್ನ ನೇಮ. ಹದ ಬಂದ ದಿನ ನಮ್ಮ ಮನೆಯ ಕೂರಿಗೆ ಅರಿಸಿನ ಕುಂಕುಮ ಹಚ್ಚಿಕೊಂಡು ಹೊರಬೀಳುತ್ತಿತ್ತು, ಅದನ್ನು ನೋಡಿ ಊರೆಲ್ಲ ಹೂಡುತ್ತಿತ್ತು. ಊರಿನ ಮುಂದೆ ನೀನು ಆಡುತ್ತಿದ್ದ ಮಾತೆಂದರೆ ಆ ಕೂರಿಗೆಯೇ.

ಬರದ ಆ ಮೂರನೇ ವರ್ಷ ನಿನಗೂ ನೆನಪಿರಬೇಕು. ಎರಡು ವರ್ಷ ಮಳೆ ಕೈಕೊಟ್ಟು, ಕೆರೆಯ ಅಂಗಳದಲ್ಲಿ ನೆಲ ಬಿರಿದು, ಬಿರುಕಿನಲ್ಲಿ ಕುರಿಮರಿಯ ಕಾಲು ಸಿಕ್ಕಿ ಮುರಿಯುತ್ತಿತ್ತು. ಜನ ಹುಣಸೆಬೀಜ ಹುರಿದು ತಿಂದರು, ಹುರುಳಿ ಬೇಯಿಸಿದ ನೀರನ್ನು ಮೂರು ಹೊತ್ತು ಕುಡಿದರು. ಆದರೆ ಬೂದಿ ಕಲಸಿ, ಬೇವಿನೆಲೆ ಹಾಕಿ, ಬಾಯಿಗೆ ಸಗಣಿ ಮೆತ್ತಿಟ್ಟ ಬೀಜದ ಗಡಿಗೆಗೆ ಒಬ್ಬರೂ ಕೈ ಹಾಕಲಿಲ್ಲ. ಹನಿ ಇಲ್ಲದ ನೆಲದಲ್ಲಿ ಎಲ್ಲರೂ ಕುಂಟೆ ಹೊಡೆದರು. ಧೂಳೆದ್ದು ಎತ್ತುಗಳು ಕೆಮ್ಮುತ್ತಿದ್ದವು. ಮುಲ್ಕಿ ಪಾಸಾಗಿ, ತಲೆಯ ಮೇಲೆ ಖಾದಿ ಟೋಪಿ ಇಟ್ಟುಕೊಂಡು ಹೊಸದಾಗಿ ಊರಿಗೆ ಬಂದಿದ್ದ ನಾನು ನಕ್ಕಿದ್ದೆ. "ಮಳಿನಽ ಇಲ್ಲ, ಇವರು ಯಾರ ಸಲುವಾಗಿ ಹೊಲಾ ಹಸನ ಮಾಡಾಕತ್ತಾರ?" ಎಂದು ಕೇಳಿದ್ದೆ. ನೀನು ಕುಂಟೆಯ ಹಗ್ಗ ಹೊಸೆಯುತ್ತ, ತಲೆ ಎತ್ತದೆ ಹೇಳಿದೆ: "ಬಂದಾಗ ಮನಿ ಕಸಾ ಹೊಡೀಲಿಲ್ಲ ಅನಸಬಾರದಲ್ಲೋ ಮಲ್ಲೂ."

ಆಗ ನನಗೆ ನಿಮ್ಮ ತಾಳ್ಮೆಯೆಂದರೆ ಮೈಗಳ್ಳತನದ ಇನ್ನೊಂದು ಹೆಸರು. ಎಂಥ ಜಾಣ ನಾನು! ತಡೀರಿ, ತಡೀರಿ ಎಂದು ಊರನ್ನೇ ಕಟ್ಟಿ ಕೂರಿಸಿದ್ದಾಳೆ ನಮ್ಮ ಮುದುಕಿ ಎಂದು ಹುಬ್ಬಳ್ಳಿಯ ಹತ್ತಿಪೇಟೆಯಲ್ಲಿ ನಾಲ್ಕು ಜನರೆದುರು ಆಡಿಕೊಂಡೂ ಇದ್ದೆ. ಪ್ಲೇಗಿನಲ್ಲಿ ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಬಿತ್ತನೆ ಮಾಡಿದವಳು ನೀನು. ಅಂಥವಳನ್ನು ಆಡಿಕೊಂಡ ಬಾಯಿ ಇದು.

ಹುಬ್ಬೆ ಮಳೆಯ ದಿನಗಳಲ್ಲಿ ನೀನು ತಂಗಿಯ ಮಗಳ ಬಾಣಂತನಕ್ಕೆಂದು ಹೆಬ್ಬಳ್ಳಿಗೆ ಹೋದೆ. ಬಂಡಿ ಹತ್ತುವಾಗ "ಮಳಿ ಬಂದ್ರ ಹೇಳಿ ಕಳಸು, ನಾ ಬಂದು ನೋಡತೇನಿ" ಎಂದು ಹೇಳಿಯೇ ಹೋದೆ. ನೀನು ಹೋದ ನಾಲ್ಕನೇ ದಿನ ಮಧ್ಯಾಹ್ನ ಒಂದು ಮೋಡ ಬಂತು. ಒಂದು ಗಳಿಗೆ ಹೊಡೆಯಿತು. ಜನ ಅಂಗಳಕ್ಕೆ ಬಂದು ನೆನೆದರು, ನಾನೂ ನೆನೆದೆ. ಮರುದಿನ ಹೊಲಕ್ಕೆ ಹೋಗಿ ಮಣ್ಣು ಹಿಡಿದೆ. ಉಂಡೆಯಾಯಿತು. ಮೇಲಿನ ಮಣ್ಣು, ದೊಡ್ಡವ್ವಾ. ಇನ್ನೂ ಆಳಕ್ಕೆ ಕೈ ಹಾಕಲೇ ಇಲ್ಲವೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದೂ ಸುಳ್ಳು. ಹಾಕಿದ್ದೆ. ನಾಲ್ಕು ಬೆರಳು ಇಳಿಯುವಷ್ಟರಲ್ಲಿ ಒಣ ಹೆಂಟೆ ಉಗುರಿಗೆ ತಾಗಿತ್ತು. ಕೈ ಹೊರಗೆಳೆದು, ಆ ಕುಳಿಯನ್ನು ಕಾಲಿನಿಂದ ಮುಚ್ಚಿದೆ.

ಯಾಕೆ ಮುಚ್ಚಿದೆ? ಒಮ್ಮೆ, ಒಂದೇ ಒಂದು ಸಲ, ಊರು ನನ್ನ ಕೂರಿಗೆಯ ಹಿಂದೆ ಬರಲಿ ಎಂಬ ಆಸೆ. ಅದಕ್ಕಿಂತ ದೊಡ್ಡ ಕಾರಣವೇನಾದರೂ ಇದ್ದಿದ್ದರೆ ಇಂದು ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ.

ಹೊಲದ ಬದುವಿನ ಮೇಲೆ ಫಕೀರವ್ವ ಬಂದು ನಿಂತ ಆ ಗಳಿಗೆಯನ್ನು ನಿನಗೆ ಹೇಳಲೇಬೇಕು. ನಮ್ಮ ಪಕ್ಕದ ಹೊಲದವಳು, ಗಂಡ ಇಲ್ಲದವಳು, ಒಂದೇ ಗಡಿಗೆ ಬೀಜ ಉಳಿಸಿಕೊಂಡವಳು. ನಾನು ಎತ್ತು ಹೂಡಿದ್ದೆ, ನನ್ನ ಹೆಂಡತಿ ಗಂಗವ್ವ ಬೀಜ ಉಡಿಯಲ್ಲಿ ಕಟ್ಟಿಕೊಂಡು ನಿಂತಿದ್ದಳು. ಫಕೀರವ್ವ ಕೂರಿಗೆಯ ಮೇಲಿನ ಕುಂಕುಮ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಮಲ್ಲಪ್ಪಾ, ನೀಲವ್ವಾರು ಮಣ್ಣ ನೋಡಿ ಹೇಳಿ ಕಳಸ್ಯಾರೇನೋ?"

ನಾನು ನೊಗದ ಹಗ್ಗ ಬಿಗಿಯುವವನಂತೆ ಬಗ್ಗಿದೆ. ಬಗ್ಗಿಕೊಂಡೇ "ಹೂಂ" ಎಂದೆ.

ಅಷ್ಟೇ. ಅವಳು ಸೆರಗು ಸಿಕ್ಕಿಸಿಕೊಂಡು ಊರ ಕಡೆ ಓಡಿದಳು. ಸಂಜೆಯೊಳಗೆ ಮೂವತ್ತು ಮನೆಯ ಕೂರಿಗೆಗಳು ಹೊಲಕ್ಕಿಳಿದಿದ್ದವು. ಮೂರು ವರ್ಷ ಹಸಿವಿನಿಂದ ಕಾಪಾಡಿಕೊಂಡಿದ್ದ ಜೋಳವನ್ನು ಜನ ಹಾಡು ಹೇಳುತ್ತ ಒಣ ನೆಲಕ್ಕೆ ಬಿಟ್ಟರು. ನನ್ನ ಎದೆ ಉಬ್ಬಿತ್ತು. ಅದನ್ನೂ ಬರೆಯುತ್ತೇನೆ, ಮುಚ್ಚಿಟ್ಟು ಏನು ಮಾಡಲಿ? ಅವತ್ತು ನನ್ನ ಎದೆ ಉಬ್ಬಿತ್ತು.

ಮೊಳಕೆ ಎದ್ದಾಗ ಊರೆಲ್ಲ ಹಬ್ಬ. ಎರಡು ಬೆರಳು ಹಸಿರು. ಮುಂದೆ ಎಂಟು ದಿನ ಬಿಸಿಲು. ತುದಿ ಮೊದಲು ಕೆಂಪಾಯಿತು, ಆಮೇಲೆ ಸುರುಟಿತು, ಹಿಡಿದರೆ ಪುಡಿಯಾಗುವಂತಾಯಿತು. ಯಾರೂ ಕೂಗಾಡಲಿಲ್ಲ. ಸಾಲುಗಳ ನಡುವೆ ಬರಿಗಾಲಲ್ಲಿ ನಡೆದು ನೋಡಿ, ಸುಮ್ಮನೆ ಮನೆಗೆ ಬಂದರು. ಕೂಗಾಡಿದ್ದರೆ ನಾನು ಅಂದೇ ಬಾಯಿಬಿಡುತ್ತಿದ್ದೆನೇನೋ... ಇಲ್ಲ, ಇದೂ ಒಂದು ನೆಪ.

ನೀನು ಹೆಬ್ಬಳ್ಳಿಯಿಂದ ಬಂಡಿಯಲ್ಲಿ ಬಂದಾಗ ದಾರಿಯುದ್ದಕ್ಕೂ ಆ ಹೊಲಗಳನ್ನು ನೋಡಿಕೊಂಡೇ ಬಂದಿದ್ದೆ. ಅಂಗಳದಲ್ಲಿ ಹತ್ತು ಜನ ಕಾದಿದ್ದರು. ಹಿರಿಯನೊಬ್ಬ ಕೈ ಮುಗಿದೇ ಕೇಳಿದ: "ಯಾಕ್ರೀ ನೀಲವ್ವಾರ, ಹಿಂಗ್ಯಾಕ ಹೇಳಿ ಕಳಸಿದ್ರಿ?" ನೀನು ನನ್ನನ್ನು ನೋಡಿದೆ. ನಾನು ಕಂಬದ ಹಿಂದೆ ನಿಂತಿದ್ದೆ. ನಿನಗೆ ಎಲ್ಲ ತಿಳಿಯಿತು. ಕಾಲಿನ ಧೂಳನ್ನೂ ತೊಳೆಯದೆ ಅಲ್ಲೇ ನಿಂತು ಹೇಳಿದೆ.

"ನನ್ನ ಕೈ ತಪ್ಪಿತರಿಪಾ. ವಯಸ್ಸಾತು. ತಪ್ಪು ನಂದಽ."

ಬೀಜಕ್ಕೆಂದು ನೀನು ಅಟ್ಟದ ಮೇಲೆ ಮುಚ್ಚಿಟ್ಟಿದ್ದ ಎರಡನೇ ಗಡಿಗೆಯನ್ನು ಅವತ್ತೇ ಇಳಿಸಿ, ಒಡೆದು, ಮನೆಮನೆಗೂ ಹಂಚಿದೆ. ಮನೆಗೆ ಎರಡು ಸೇರೂ ಬರಲಿಲ್ಲ. ಚಿತ್ತಿ ಮಳೆ ತಡವಾಗಿಯಾದರೂ ಬಂದದ್ದಕ್ಕೆ ಅಷ್ಟಿಷ್ಟು ಬೆಳೆದು ಊರು ಜೀವ ಹಿಡಿದುಕೊಂಡಿತು. ಫಕೀರವ್ವನ ಮಗ ಮಾತ್ರ ಆ ಚಳಿಗಾಲದಲ್ಲಿ ಹುಬ್ಬಳ್ಳಿಯ ಗಿರಣಿ ಕೆಲಸಕ್ಕೆ ಹೋದವನು ಮತ್ತೆ ನೇಗಿಲು ಹಿಡಿಯಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು "ದೊಡ್ಡವ್ವಾ, ನಾ ಹೇಳಿಬಿಡತೇನಿ" ಎಂದು ಕೇಳಿದ್ದೆ, ನೆನಪಿದೆಯೇ? "ನಾ ಇನ್ನ ಎಷ್ಟ ದಿನದಾಕಿ? ನೀ ಇದಽ ಊರಾಗ ಬಾಳೇ ಮಾಡಾಂವ. ಸುಮ್ಮನಿರು" ಎಂದೆ. ನೀನು ಬೇಡವೆಂದದ್ದಕ್ಕೆ ಸುಮ್ಮನಾದೆ ಎಂದರೆ ಯಾರು ನಂಬುತ್ತಾರೆ? ನೀನು ಬೇಡ ಎನ್ನಲಿ ಎಂದೇ ನಾನು ಕೇಳಿದ್ದು.

ಆಮೇಲಿನ ಆರು ಬಿತ್ತನೆಗಳು. ಆರೂ ಸಲ ನೀನು ಬೆಳಿಗ್ಗೆ ಕೈ ತೊಳೆದುಕೊಂಡು ಕಟ್ಟೆಯ ಮೇಲೆ ಬಂದು ಕುಳಿತೆ. ಜನ ಕೆಟ್ಟವರಾಗಲಿಲ್ಲ. "ಶರಣ್ರೀ ನೀಲವ್ವಾರ, ಆರಾಮ ಅದೀರಿಲ್ರಿ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ಆದರೆ ಯಾರ ಕೈಯಲ್ಲೂ ಎಲೆ ಇರಲಿಲ್ಲ. ತಮಗೆ ತೋಚಿದ ದಿನ ತಾವೇ ಬಿತ್ತಿದರು, ಕೆಲವರು ಗೆದ್ದರು, ಕೆಲವರು ಸೋತರು. ಬಿಸಿಲು ಕಟ್ಟೆಯ ಅರ್ಧಕ್ಕೆ ಬಂದ ಮೇಲೆ ನೀನು ಎದ್ದು ಒಳಗೆ ಹೋಗುತ್ತಿದ್ದೆ. ನಾನು ಪಡಸಾಲೆಯಲ್ಲಿ ಕುಳಿತು ಅದನ್ನು ನೋಡುತ್ತಿದ್ದೆ. ಕೊನೆಯ ವರ್ಷ ಒಂದು ದಿನ ನಿನ್ನ ಪಕ್ಕ ಬಂದು ಕುಳಿತೆ. ಏನೋ ಹೇಳಬೇಕೆಂದಿದ್ದೆ, "ಛಾ ಕುಡೀತಿಯೇನ?" ಎಂದು ಕೇಳಿ ಎದ್ದುಬಂದೆ.

ನಿನಗೆ ಗೊತ್ತಿಲ್ಲದ ಇನ್ನೊಂದು ಮಾತಿದೆ. ಅಥವಾ ಗೊತ್ತಿತ್ತೇ? ಊರಿನಲ್ಲಿ ನಿನ್ನ ಹೆಸರು ಒಂದು ಮಾತಾಗಿ ಹೋಗಿತ್ತು. ಅವಸರದಲ್ಲಿ ಕೆಟ್ಟ ಕೆಲಸಕ್ಕೆಲ್ಲ "ನೀಲವ್ವನ ಹದ" ಎನ್ನುತ್ತಿದ್ದರು. ಗೋಡೆ ಆರುವ ಮೊದಲೇ ಸುಣ್ಣ ಬಳಿದರೂ ಅದೇ, ಜ್ವರ ಬಿಡುವ ಮೊದಲೇ ಸ್ನಾನ ಮಾಡಿದರೂ ಅದೇ. ಈ ಮಾಘದಲ್ಲಿ ನೀನು ಹೋದೆ. ಮಳೆಗಾಲದ ಹೊತ್ತಿಗೆ ಒಂದು ದಿನ ನನ್ನ ಮಗಳು ಪಾರಿ ಹಂಚಿನ ಮುಂದೆ ಕುಳಿತು ಬೇಯದ ರೊಟ್ಟಿ ಎತ್ತಿ, "ನೀಲವ್ವನ ಹದ ಆತು ನೋಡವ್ವಾ" ಎಂದು ನಕ್ಕಳು. ಹತ್ತು ವರ್ಷದ ಕೂಸು. ಆ ನೀಲವ್ವ ಎಂದರೆ ತನ್ನನ್ನು ತೊಡೆಯ ಮೇಲೆ ಹಾಕಿಕೊಂಡು ನೀರೆರೆದ ಅಜ್ಜಿಯೇ ಎಂದು ಅವಳಿಗೆ ಹೊಳೆದೇ ಇಲ್ಲ. ನಾನು ಉಣ್ಣುವುದನ್ನು ಬಿಟ್ಟು ಎದ್ದೆ.

ಮರುದಿನ ಬಸವಣ್ಣನ ಗುಡಿಯ ಮುಂದೆ ಜನ ಸೇರಿದ್ದರು. ಈ ಸಲವೂ ಹುಬ್ಬೆ ಹುಸಿಹೋಗಿತ್ತು, ಎಲ್ಲರಿಗೂ ಅದೇ ಚಿಂತೆ. ನಾನು ಟೋಪಿ ತೆಗೆದು ಮೆಟ್ಟಿಲ ಮೇಲೆ ನಿಂತು ಎಲ್ಲ ಹೇಳಿದೆ. ಮುಚ್ಚಿದ ಕುಳಿ, "ಹೂಂ" ಎಂದದ್ದು, ಕಂಬದ ಹಿಂದೆ ನಿಂತದ್ದು, ಯಾವುದನ್ನೂ ಬಿಡಲಿಲ್ಲ. ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಛಲೋ ಇತ್ತು. ಫಕೀರವ್ವ ಎದ್ದು ನಿಂತಳು.

"ಬೀಜ ಹೋತು, ಹೋಗ್ಲಿ. ನನ್ನ ಮಗಾ ಹ್ವಾದ, ಅದನ್ನೂ ನುಂಗಿಕೊಂಡೇನಿ. ಆರು ವರ್ಷ ಆ ಮುದುಕಿ ಕೈ ತೊಳಕೊಂಡು ಕುಂತಿತ್ತಲ್ಲೋ ಮಲ್ಲಪ್ಪಾ! ನಾವು ಮಾರಿ ತಿರುವಿ ಹೋಗೂದನ್ನ ನೋಡಕೋತ ನೀ ಹೆಂಗ ಉಂಡಿ, ಹೆಂಗ ಮಲಗಿದಿ?"

ಉಂಡಿದ್ದೆ. ಮಲಗಿದ್ದೆ. ಅಷ್ಟೇ ನಿಜ.

ಹಿರಿಯರು ಒಂದು ಮಾತು ಗೊತ್ತುಮಾಡಿದರು. ಮೊದಲು ಹೊರಬೀಳುತ್ತಿದ್ದ ನಮ್ಮ ಮನೆಯ ಕೂರಿಗೆ ಇನ್ನು ಮುಂದೆ ಊರಲ್ಲಿ ಎಲ್ಲರಿಗಿಂತ ಕಡೆಗೆ ಹೊರಡಬೇಕು. ನನ್ನ ಕಾಲ ಮುಗಿಯುವವರೆಗೂ. ನಾನು ಒಪ್ಪಿ ಅಲ್ಲೇ ಅಡ್ಡಬಿದ್ದೆ. ಈ ವರ್ಷ ಉತ್ತರೆ ಮಳೆ ಎರಡು ದಿನ ಹಿಡಿದು ಸುರಿಯಿತು, ಹಳ್ಳ ಕೆಂಪಾಗಿ ಬಂತು. ನೀನಿದ್ದಿದ್ದರೆ... ಇರಲಿ. ಊರೆಲ್ಲ ಬಿತ್ತುವುದನ್ನು ನಾನು ಆರು ದಿನ ಬದುವಿನ ಮೇಲೆ ನಿಂತು ನೋಡಿದೆ. ಎತ್ತುಗಳು ಹೊಲದ ಕಡೆ ಎಳೆಯುತ್ತಿದ್ದವು, ಮೇಲಿನ ಹಸಿ ದಿನದಿನಕ್ಕೆ ಆರುತ್ತಿತ್ತು. ಫಕೀರವ್ವನ ಹೊಲವನ್ನು ಮಾತ್ರ ಅವಳದೇ ಕೂರಿಗೆ ಹಿಡಿದು ನಾನೇ ಬಿತ್ತಿಕೊಟ್ಟೆ. ಅವಳು ಬೇಡವೆನ್ನಲಿಲ್ಲ. ಏಳನೇ ದಿನ ನಮ್ಮ ಸರದಿ ಬಂತು. ನಮ್ಮ ಬೆಳೆ ಈ ಸಲ ತೆಳ್ಳಗೇ ಬಂದೀತು.

ಅಂದು ಹೊಲದಲ್ಲಿ ಪಾರಿ ಕೇಳಿದಳು: "ಎಲ್ಲಾರದೂ ಮುಗದೈತಿ, ನಾವಽ ಯಾಕ ಅಪ್ಪಾ ಕಡೀಕ?" ನಾನು ಎತ್ತು ನಿಲ್ಲಿಸಿ, ಅವಳನ್ನು ಬದುವಿನ ಮೇಲೆ ಕೂರಿಸಿಕೊಂಡು, ಒಂದನ್ನೂ ಬಿಡದೆ ಹೇಳಿದೆ. ಕೇಳಿ ಮುಗಿಸಿ ಅವಳು ಎದ್ದು, ನನ್ನ ಕಡೆ ತಿರುಗಿಯೂ ನೋಡದೆ ಮನೆಗೆ ನಡೆದುಬಿಟ್ಟಳು. ಮೂರು ದಿನವಾಯಿತು, ನನ್ನ ಪಂಕ್ತಿಯಲ್ಲಿ ಉಣ್ಣಲು ಕೂರುತ್ತಿಲ್ಲ. ಗಂಗವ್ವ ಗದರಿಸಲು ಹೋದಳು, ನಾನೇ ಬೇಡವೆಂದೆ. ಇರಲಿ ಬಿಡು, ದೊಡ್ಡವ್ವಾ. ಈ ಮನೆಯಲ್ಲಿ ನಿನ್ನ ಸಲುವಾಗಿ ಸಿಟ್ಟಾಗುವವರು ಕೊನೆಗೂ ಒಬ್ಬರು ಸಿಕ್ಕರು.

ನಿನ್ನ,
ಮಲ್ಲು