ಹೊಡೆದ ಹಾಗೆ ನಟಿಸು

ಮಾರ್ಚ್ 4, ಬೆಳಗ್ಗೆ

ಎಲುಬು ನೆನೆಹಾಕಿದ ನೀರು ಇನ್ನೂ ಕೆಂಪಗಿದೆ. ಮತ್ತೊಮ್ಮೆ ಬಸಿಯಲು ಸೊಸೆಗೆ ಹೇಳಿದೆ. ರಕ್ತ ಪೂರ್ತಿ ಬಿಡದಿದ್ದರೆ ಸಾರು ನಾರುತ್ತದೆ. ಇಷ್ಟು ವರ್ಷವಾದರೂ ಹೇಳಿಯೇ ಆಗಬೇಕು.

ನಮ್ಮ ಸಾರಿನಂಗಡಿಯ ಒಲೆ ಹಚ್ಚುವ ಹೊತ್ತಿಗೆ ಮೊಮ್ಮಗಳು ಬಿತ್ನಾ ಬಂದಳು. ತುಟಿ ಒಡೆದಿತ್ತು, ಅಂಗಿಯ ಮೇಲೆ ರಕ್ತ. ಬಂದದ್ದು ರಾಜಧಾನಿ ಸೋಲ್‌ನ ಹೊಂಗ್ದೆ ಬೀದಿಯ ನೆಲಮಾಳಿಗೆ ಕ್ಲಬ್ಬಿನಿಂದ. ಅವಳು ಡ್ರಮ್ ಬಾರಿಸುವ ಬ್ಯಾಂಡಿನ ಹೆಸರು ಎರೆಹುಳ. ಹೆಸರಿಡುವುದಕ್ಕೂ ಯೋಗ್ಯತೆ ಇಲ್ಲ. ತನ್ನ ಸರದಿ ಮುಗಿದ ಮೇಲೆ ಕುಣಿಯುವವರ ಮಧ್ಯೆ ಹಾರಿದಳಂತೆ, ಯಾರದೋ ತಲೆ ಬಡಿಯಿತಂತೆ. ಅಲ್ಲಿ ಒಬ್ಬರನ್ನೊಬ್ಬರು ಗುದ್ದುವುದೇ ಕುಣಿತ. ನಗುತ್ತ ಹೇಳಿದಳು.

ಕೆನ್ನೆಗೆ ಕೊಟ್ಟೆ.

"ಅಜ್ಜಿ, ತಾಳ ತಪ್ತು ನೋಡು," ಅಂದಳು.

ಇನ್ನೊಂದು ಕೊಟ್ಟೆ. ಸೊಸೆ ಸಾರು ತಿರುವುತ್ತಲೇ ಇದ್ದಳು. ಮಗ ಸತ್ತ ಮೇಲೆ ಅವಳ ಬಾಯಿಂದ ಹೆಚ್ಚು ಮಾತು ಕೇಳಿಲ್ಲ. ನಾನೂ ಕೇಳಲು ಹೋಗಿಲ್ಲ.

ಮಾರ್ಚ್ 11

ಸೋಲ್‌ನಿಂದ ಮ್ಯಾನೇಜರ್ ತಾಕ್ ಎಂಬಾತ ಬಂದಿದ್ದ. ಟಿವಿಗೆ ಹಾಡುವ ಹುಡುಗ ಹುಡುಗಿಯರನ್ನು ತಯಾರು ಮಾಡುವ ಕಂಪನಿ. ಲೋಟ ಎರಡೂ ಕೈಯಲ್ಲಿ ಹಿಡಿದ. ಹಿರಿಯಳ ಮುಂದೆ ಮರ್ಯಾದೆಗೆ ಮುಖ ಪಕ್ಕಕ್ಕೆ ತಿರುಗಿಸಿ ಕುಡಿದ. ಬಟ್ಟಲಿನ ತಳ ಕಾಣುವ ತನಕ ತಿಂದ. ಸಂಸ್ಕಾರ ಇದೆ.

ಎರೆಹುಳ ಬ್ಯಾಂಡಿನ ನಾಲ್ವರೂ ಬೇಕಂತೆ. ಡ್ರಮ್ ಬಾರಿಸುವ ಹುಡುಗಿ ಸುಲಭಕ್ಕೆ ಸಿಗುವುದಿಲ್ಲವಂತೆ.

"ಅಮ್ಮಾ, ರಾಕ್ ಅಂದ್ರೆ ನೆಲಮಾಳಿಗೆ. ಬೆವರು, ವಾಸನೆ, ಬೆರಳೆಣಿಕೆ ಜನ. ಟಿವಿಯಲ್ಲಿ ಓಡೋದು ಪಾಪ್ ಹಾಡು. ಆದ್ರೆ ಮುದ್ದು ಮುಖಗಳ ಕೈಗೆ ಗಿಟಾರ್ ಕೊಟ್ಟು ನಿಲ್ಲಿಸಿದ್ರೆ ಅದೂ ಓಡುತ್ತೆ."

ನನಗೆ ಸರಿ ಎನಿಸಿತು. ಬಿತ್ನಾ ಮುಖ ಗಂಟುಹಾಕಿದಳು. ಹಾಡುವ ಹುಡುಗ ಗೊನು ಅವಳನ್ನು ಒಪ್ಪಿಸಿದ. ಒಮ್ಮೆ ಟಿವಿಯಲ್ಲಿ ಹೆಸರಾದರೆ ಆಮೇಲೆ ನಮ್ಮ ಹಾಡು ನಾವು ಬಾರಿಸಬಹುದು ಎಂದ. ಅವಳಿಗಿನ್ನೂ ಇಪ್ಪತ್ತಾಗಿಲ್ಲ, ತಾಯಿಯ ಒಪ್ಪಿಗೆ ಬೇಕು. ಸಹಿಯ ಬದಲು ಒತ್ತುವ ಸೊಸೆಯ ಮೊಹರು ನನ್ನ ಪೆಟ್ಟಿಗೆಯಲ್ಲೇ ಇರುತ್ತದೆ. ಒತ್ತಿದೆ.

ಮಾರ್ಚ್ 20

ಬೆಳಗ್ಗೆ ಗುಡ್ಡಕ್ಕೆ ಹೋಗಿ ಒಂದು ಕೋಲು ಕಡಿದು ತಂದೆ. ಸಿಪ್ಪೆ ಸುಲಿದೆ, ಗಂಟು ಸವರಿದೆ, ಬಿಳಿ ಬಟ್ಟೆಯಲ್ಲಿ ಸುತ್ತಿದೆ. ನನ್ನನ್ನು ಶಾಲೆಗೆ ಸೇರಿಸುವಾಗ ಅಪ್ಪನೂ ಮೇಷ್ಟರ ಕೈಗೆ ಹೀಗೆಯೇ ಕೋಲು ಕೊಟ್ಟಿದ್ದ. ಮಗುವನ್ನು ಒಪ್ಪಿಸುವ ಮನೆಯವರು ಮಾಡಬೇಕಾದ್ದು ಅದು. ಈಗ ಯಾರೂ ಮಾಡುವುದಿಲ್ಲ. ಅದಕ್ಕೇ ದೇಶ ಹೀಗಿದೆ.

ಅವಳನ್ನು ಕರೆದೊಯ್ಯಲು ಬಂದ ತಾಕ್ ಸೊಂಟ ಬಗ್ಗಿಸಿ ಎರಡೂ ಕೈಯಲ್ಲಿ ತೆಗೆದುಕೊಂಡ. ಇಂಥ ಮನೆತನ ಈಗ ಎಲ್ಲಿ ಸಿಗುತ್ತೆ ಅಮ್ಮಾ ಎಂದ. ಮನುಷ್ಯಳನ್ನಾಗಿ ಮಾಡಿ ಕೊಡಿ ಎಂದೆ. ಬಿತ್ನಾ ಕಾರಿನೊಳಗೆ ಕೂತಿದ್ದಳು. ನನ್ನ ಕಡೆ ತಿರುಗಲಿಲ್ಲ.

ಮೇ 2

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಕಂಪನಿಯವರು ಬಿತ್ನಾಳ ಫೋನ್ ಕಿತ್ತುಕೊಂಡಿದ್ದಾರಂತೆ. ಒಳ್ಳೆಯದೇ.

ಇವತ್ತು ಟಿವಿಯಲ್ಲಿ ಬಂದಳು. ಅಂಗಡಿ ತುಂಬ ಜನ. ಬ್ಯಾಂಡಿನ ಹೆಸರು ಈಗ ಪೀಚ್ ಸೋಡಾ. ಕೂದಲಿಗೆ ಗುಲಾಬಿ ಬಣ್ಣ. ಬೊಂಬೆಯ ಹಾಗಿದ್ದಳು. ಪಕ್ಕದ ಮೀನಿನಂಗಡಿಯವಳು ನನ್ನ ಕೈ ಹಿಡಿದು ಅತ್ತಳು.

ಮೂಲೆಯಲ್ಲಿ ಮುದುಕ ಪ್ಯೊ ಸೋಜು ಸಾರಾಯಿ ಕುಡಿಯುತ್ತಿದ್ದ. ಬುಪ್ಯಂಗ್‌ನಲ್ಲಿ ಅಮೆರಿಕನ್ ಸೈನ್ಯ ಇದ್ದಾಗ ಅವರ ಕ್ಲಬ್ಬುಗಳಲ್ಲಿ ಗಿಟಾರ್ ನುಡಿಸಿದವನು. ಆಗ ಊರಿಗೆಲ್ಲ ನಾವೇ ರಾಜರು ಎಂದು ದಿನಾ ಕೊರೆಯುತ್ತಾನೆ. ಇವತ್ತು ನಗಲು ಶುರು ಮಾಡಿದ.

"ಅತ್ತಿಗೆ, ಗಿಟಾರಿಗೆ ವೈರೇ ಇಲ್ವಲ್ಲ. ನಿಮ್ಮ ಮೊಮ್ಮಗಳು ನೊಣ ಓಡಿಸ್ತಾ ಇದ್ದಾಳೆ."

ಕತ್ತಿನ ಪಟ್ಟಿ ಹಿಡಿದು ಎಳೆದೆ. ಮೇಜು ಉರುಳಿತು, ಬಿಸಿ ಸಾರು ಅವನ ತೊಡೆಗೆ ಬಿತ್ತು. ಬೀದಿಗೆ ತಳ್ಳಿ ಬಾಗಿಲು ಹಾಕಿದೆ.

ಸಂಜೆ ಮತ್ತೆ ತೋರಿಸಿದರು. ಒಬ್ಬಳೇ ನೋಡಿದೆ. ವೈರು ಇರಲಿಲ್ಲ.

ಮೇ 9

ಬಿತ್ನಾಗೆ ಅರ್ಧ ದಿನ ರಜೆ. ಚಳಿ ಇಲ್ಲದಿದ್ದರೂ ಉದ್ದ ಕಾಲುಚೀಲ ಹಾಕಿಕೊಂಡಿದ್ದಳು. ತೆಗೆಸಿದೆ. ಮೀನಖಂಡದ ಮೇಲೆ ಬಾಸುಂಡೆ. ಸಾಲಾಗಿ, ಅಚ್ಚುಕಟ್ಟಾಗಿ. ತಿಳಿದವನೇ ಹೊಡೆದಿದ್ದಾನೆ ಎಂದುಕೊಂಡೆ.

ಏನು ತಪ್ಪು ಮಾಡಿದೆ ಎಂದು ಕೇಳಿದೆ.

"ಡ್ರಮ್ ಬಾರಿಸ್ದೆ."

ನಿಧಾನವಾಗಿ ಹೇಳಿದಳು. ಹಾಡು ಮೊದಲೇ ಬೇರೆ ಯಾರೋ ನುಡಿಸಿ ಮುದ್ರಿಸಿದ್ದು. ಗೊನುವಿನ ಮೈಕ್‌ಗೆ ಮಾತ್ರ ಜೀವ. ಡ್ರಮ್ಮಿಗೂ ಕಂಚಿನ ತಟ್ಟೆಗಳಿಗೂ ರಬ್ಬರ್ ಹೊದಿಸಿರುತ್ತಾರೆ. ಅದರ ಮೇಲೂ ಮುಟ್ಟಿದ ಹಾಗೆ ಮುಟ್ಟಬೇಕು. ಸದ್ದು ಗೊನುವಿನ ಮೈಕ್‌ಗೆ ನುಗ್ಗಿದರೆ ಏಟು. ಟಿವಿಯಲ್ಲಿ ಬ್ಯಾಂಡಿನವರೆಲ್ಲ ಹಾಗೆಯೇ ಅಂತೆ.

"ಹೊಡೆದ ಹಾಗೆ ನಟಿಸು ಅಂತಾರೆ, ಅಜ್ಜಿ. ಅವ್ರು ಮಾತ್ರ ನಟಿಸಲ್ಲ."

ಹೇಳಿದ ಹಾಗೆ ಕೇಳು ಎಂದೆ. ಎರಡು ಬಟ್ಟಲು ಸಾರು ಕುಡಿದಳು. ಮೂಲಂಗಿ ಕಿಮ್ಚಿಯನ್ನು ಮೊದಲಿನ ಹಾಗೆಯೇ ಕಟಕಟ ಕಡಿದಳು. ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ಬೆನ್ನು ತಿರುಗಿಸಿಯೇ ಹೇಳಿದಳು.

"ನೀನು ಕೊಟ್ಟ ಕೋಲು ಮೊದಲ್ನೇ ವಾರಾನೇ ಮುರೀತು."

ಹಾಗಾದರೆ ಈಗ ಯಾವುದರಲ್ಲಿ... ಕೇಳುವಷ್ಟರಲ್ಲಿ ಕಾರು ಹೊರಟಿತ್ತು.

ಮೇ 21, ಸಂಜೆ

ಕಂಡದ್ದನ್ನು ಈಗಲೇ ಬರೆದು ಮುಗಿಸುತ್ತೇನೆ.

ನೇರ ಪ್ರಸಾರ. ಹಾಡು ಅರ್ಧಕ್ಕೆ ಬಂದಿತ್ತು. ಬಿತ್ನಾ ಬಗ್ಗಿ ರಬ್ಬರ್ ಹೊದಿಕೆ ಕಿತ್ತು ಎಸೆದಳು. ಒಂದಲ್ಲ, ಎಲ್ಲವನ್ನೂ. ಆಮೇಲೆ ಹೊಡೆದಳು. ಗೊನು ಒಂದು ಗಳಿಗೆ ಅವಳನ್ನು ನೋಡಿದ. ವೈರಿಲ್ಲದ ಗಿಟಾರನ್ನು ನೆಲಕ್ಕೆ ಕುಕ್ಕಿದ. ಹಾಡುವ ಮೈಕ್ ಕಿತ್ತುಕೊಂಡು ಹೋಗಿ ಡ್ರಮ್ಮಿನ ಬಾಯಿಗೆ ಹಿಡಿದ.

ಅಂಗಡಿಯಲ್ಲಿ ಬಟ್ಟಲುಗಳು ಅದುರಿದವು. ಸಕ್ಕರೆ ಹಾಡು ಹಿಂದೆ ತನ್ನ ಪಾಡಿಗೆ ಓಡುತ್ತಿತ್ತು. ಇವಳು ಅದರ ಮೇಲೆ ಹತ್ತಿ ತುಳಿಯುತ್ತಿದ್ದಳು. ಹಲ್ಲು ಕಚ್ಚಿದ್ದಳು. ಯಾರನ್ನೋ ಕೊಲ್ಲುವವಳ ಹಾಗೆ. ಬೊಂಬೆ ಅಲ್ಲ. ನಮ್ಮ ಮನೆಯವಳು.

ಜಾಹೀರಾತು ಬಂತು. ಅವಳು ಬಾರಿಸುವುದನ್ನು ನಾನು ಕೇಳಿದ್ದು ಇದೇ ಮೊದಲು.

ಕಂಪನಿಗೆ ಫೋನ್ ಮಾಡಿದೆ. ಎತ್ತುತ್ತಿಲ್ಲ.

ಮೇ 23

ಆಸ್ಪತ್ರೆ. ಬಿತ್ನಾಳ ಬಲ ಮಣಿಕಟ್ಟು ಎರಡು ಕಡೆ ಮುರಿದಿದೆ. ಕಣ್ಣು ತೆರೆಯಲಾಗದಷ್ಟು ಊತ. ಗೊನುವಿನ ಒಂದು ಕಿವಿ ಕೇಳಿಸುತ್ತಿಲ್ಲ.

ಮೆಟ್ಟಿಲಿಂದ ಬಿದ್ದರು ಎನ್ನುತ್ತದೆ ಕಂಪನಿ. ಬಿತ್ನಾ ಕೂಡ ಗೋಡೆ ನೋಡುತ್ತ ಮೆಟ್ಟಿಲು ಎಂದಳು. ಮಾತು ಮೀರಿದರೆ ನಾಲ್ವರ ಮನೆಯ ಮೇಲೂ ಕೇಸು ಹಾಕುತ್ತಾರಂತೆ. ಹೊರಗೆ ಗೊನು ಅಳುತ್ತ ನಿಜ ಹೇಳಿದ. ಹೊಡೆದದ್ದು ಮೈಕ್ ನಿಲ್ಲಿಸುವ ಕಬ್ಬಿಣದ ಕಂಬದಿಂದ. ಇವನು ಅಡ್ಡ ಹೋದ. ಅವಳ ಕೈಯನ್ನು ಮೇಜಿನ ಮೇಲೆ ಒತ್ತಿ ಹಿಡಿಸಿ, ತಾಕ್ ತಾನೇ ಹೊಡೆದ.

ಡಾಕ್ಟರನ್ನು ಕೇಳಿದೆ. ಅನ್ನ ತಿನ್ನಲು ಸಾಕಾಗುತ್ತದೆ, ಡ್ರಮ್ ಬಾರಿಸುವುದು ಹೇಳಲಾಗದು ಎಂದರು.

ಮೇ 24

ಕಂಪನಿಗೆ ಹೋದೆ. ಒಬ್ಬಳೇ. ಹೊಸ ಉಡುಪು ಹಾಕಿ, ಕೂದಲು ಬಾಚಿ.

ತಾಕ್ ಎದ್ದು ನಿಂತು ಬಗ್ಗಿ ನಮಸ್ಕರಿಸಿದ. ಕುರ್ಚಿ ಎಳೆದು ಕೊಟ್ಟ. ಆಮೇಲೆ ಮೆತ್ತಗೆ ಹೇಳಿದ.

"ಅಮ್ಮಾ, ಹೊಡೆದು ಬೆಳೆಸಿ ಅಂತ ಕೋಲು ಕೊಟ್ಟವರು ನೀವೇ ಅಲ್ವಾ."

ಮೂಲೆಯಲ್ಲಿ ಮೈಕ್ ಕಂಬಗಳಿದ್ದವು. ಒಂದನ್ನು ತೆಗೆದುಕೊಂಡೆ. ಮೊದಲು ಮಂಡಿಗೆ. ಕುಸಿದ. ಆಮೇಲೆ ಹೆಗಲಿಗೆ. ಎಲುಬು ಮುರಿಯುವ ಸದ್ದು ನನಗೆ ಗೊತ್ತು, ದಿನಾ ಕೇಳುತ್ತೇನೆ. ಮೇಜಿನ ಕೆಳಗೆ ತೆವಳಿದ. ಕಾಲು ಹೊರಗಿತ್ತು, ಅದಕ್ಕೂ ಕೊಟ್ಟೆ. ನಾನು ಕೂಗಲಿಲ್ಲ, ಬೈಯಲಿಲ್ಲ. ಅಲ್ಲಿ ಹಾಡು ಕಲಿಯುತ್ತಿದ್ದ ಇಬ್ಬರು ಹುಡುಗರು ನನ್ನನ್ನು ಹಿಡಿದುಕೊಂಡರು. ಅವರ ತೋಳಲ್ಲೂ ಬಾಸುಂಡೆ ಇತ್ತು. ಗಟ್ಟಿಯಾಗಿ ಹಿಡಿಯಲಿಲ್ಲ.

ಪೊಲೀಸರು ಬಂದರು. ಅವರಿಗಿಂತ ಮುಂದೆ ನಡೆದು ಗಾಡಿ ಹತ್ತಿದೆ.

ಜೂನ್ 3

ಕೇಸು ಹಾಕಿ ಪೊಲೀಸರು ನನ್ನನ್ನು ಸದ್ಯಕ್ಕೆ ಮನೆಗೆ ಬಿಟ್ಟಿದ್ದಾರೆ. ಇವತ್ತು ಕಂಪನಿಯಿಂದ ರಾಜಿಗೆ ಜನ ಬಂದರು. ನಾನು ತಾಕ್‌ನ ಹಾಸಿಗೆಯ ಮುಂದೆ ಮಂಡಿಯೂರಿ ಕ್ಷಮೆ ಕೇಳಬೇಕು. ಬಿತ್ನಾ ಮೆಟ್ಟಿಲು ಎಂದು ಹೇಳಿಕೆ ಕೊಡಬೇಕು. ಹಾಗಾದರೆ ನನ್ನ ಮೇಲಿನ ದೂರು ವಾಪಸ್. ಕೈ ಕೂಡಿದ ಮೇಲೆ ಅವಳು ಟಿವಿಗೆ ಮರಳಬಹುದು.

ಆ ಕೈಯಲ್ಲಿ ಹೇಗೆ ಬಾರಿಸುತ್ತಾಳೆ ಎಂದೆ.

"ನಟಿಸೋಕೆ ಗಟ್ಟಿ ಮಣಿಕಟ್ಟು ಯಾಕೆ ಬೇಕು, ಅಜ್ಜಿ?" ಅಂದ ಅವರಲ್ಲೊಬ್ಬ. ತಮಾಷೆಗಲ್ಲ. ಸಮಾಧಾನ ಹೇಳುವ ದನಿಯಲ್ಲೇ.

ಬಟ್ಟಲು ಎಸೆದೆ. ಅವನ ಹಣೆ ತಪ್ಪಿ ಗೋಡೆಗೆ ಬಿತ್ತು.

ಅವರು ಹೋದ ಮೇಲೆ ಸೊಸೆ ಚೂರುಗಳನ್ನು ಗುಡಿಸಿದಳು. ಪೊರಕೆ ಇಟ್ಟು ನನ್ನೆದುರು ಬಂದು ನಿಂತಳು.

"ಅತ್ತೆ, ನನ್ನ ಮೊಹರು ಕೊಡಿ. ಅವಳು ನನ್ನ ಮಗಳು. ದೂರು ನಾನು ಕೊಡ್ತೀನಿ."

ಇಷ್ಟು ವರ್ಷದಲ್ಲಿ ನನ್ನ ಕಣ್ಣನ್ನು ನೇರವಾಗಿ ನೋಡಿ ಮಾತಾಡಿದವಳಲ್ಲ. ಪೆಟ್ಟಿಗೆ ತೆರೆದು ಕೊಟ್ಟೆ. ಎರಡೂ ಕೈ ಚಾಚಲಿಲ್ಲ, ಒಂದೇ ಕೈಯಲ್ಲಿ ತೆಗೆದುಕೊಂಡಳು. ಪೆಟ್ಟಿಗೆ ಮುಚ್ಚಿದೆ.

ಜೂನ್ 12

ಹೊಂಗ್ದೆಗೆ ಹೋಗಿದ್ದೆ. ನೆಲಮಾಳಿಗೆಗೆ ಇಳಿದೆ. ಬೆವರು, ಬಿಯರ್, ಬೂಷ್ಟು. ಬರೆದ ಹಾಳೆ ಅಂಟಿಸಿದ್ದರು: ಎರೆಹುಳ. ಗೊನು ಕಿವಿಗೆ ಹತ್ತಿ ಇಟ್ಟುಕೊಂಡಿದ್ದ. ಬಿತ್ನಾ ಬಲಗೈ ಪ್ಲಾಸ್ಟರ್ ಎದೆಗೆ ಕಟ್ಟಿಕೊಂಡು ಕೂತಿದ್ದಳು. ಒಂದು ಕೈ, ಎರಡು ಕಾಲು. ಅಷ್ಟರಲ್ಲೇ ಬಾರಿಸಿದಳು. ಎಷ್ಟೋ ಕಡೆ ತಪ್ಪಿತು. ತಪ್ಪಿದಲ್ಲೆಲ್ಲ ಮುಖ ಸಿಂಡರಿಸಿ ಇನ್ನೂ ಜೋರಾಗಿ ಹೊಡೆದಳು. ಸದ್ದು ನನ್ನ ಹಲ್ಲಿನೊಳಗೆ ಬಂತು.

ಕುಣಿಯುವವರು ಒಬ್ಬರ ಮೇಲೊಬ್ಬರು ಬಿದ್ದರು. ಒಬ್ಬನ ಮೂಗು ಒಡೆಯಿತು. ಬಿದ್ದವನನ್ನು ಆ ಕ್ಷಣವೇ ಸುತ್ತಲಿನವರೆಲ್ಲ ಕಂಕುಳಿಗೆ ಕೈ ಹಾಕಿ ಎತ್ತಿದರು. ಯಾರೋ ನನ್ನ ಪಕ್ಕೆಗೆ ಮೊಣಕೈ ತಿವಿದ. ತಿರುಗಿ ತಿವಿದೆ.

"ಅಜ್ಜಿ, ಬಲವಾಗಿದ್ದೀರ," ಅಂದು ಬಗ್ಗಿ ನಮಸ್ಕರಿಸಿದ.

ಜೂನ್ 13, ಬೆಳಗ್ಗೆ

ಇವತ್ತು ಠಾಣೆಯಲ್ಲಿ ನನ್ನ, ಸೊಸೆಯ, ಬಿತ್ನಾಳ ಹೇಳಿಕೆ. ಬಿತ್ನಾ ಮೆಟ್ಟಿಲು ಎನ್ನುವುದಿಲ್ಲ. ಗೊನು ಮತ್ತು ಉಳಿದಿಬ್ಬರ ಮನೆಯವರೂ ಬರುತ್ತಾರಂತೆ. ಎಡಗೈಯಲ್ಲಿ ಸಹಿ ಮಾಡುವುದನ್ನು ಕಲಿಯುತ್ತ ಹಾಳೆ ತುಂಬ ಗೀಚಿದ್ದಾಳೆ.

ನನ್ನನ್ನು ಒಳಗೆ ಹಾಕಬಹುದು ಎಂದು ವಕೀಲರು ಹೇಳಿದರು. ಪಶ್ಚಾತ್ತಾಪ ಇದೆ ಎಂದರೆ ಕಡಿಮೆಯಾಗುತ್ತದಂತೆ. ತಾಕ್‌ನ ಹೆಗಲಿನ ಬಗ್ಗೆ ಇಲ್ಲ. ಮಂಡಿಯ ಬಗ್ಗೆಯೂ ಇಲ್ಲ. ಹಾಗೆಯೇ ಹೇಳುತ್ತೇನೆ.

ಇಷ್ಟು ಹೊತ್ತು ಬಿತ್ನಾ ಬಾಗಿಲಲ್ಲಿ ನಿಂತಿದ್ದಳು. ಠಾಣೆಯಲ್ಲಿ ಹೇಳುವುದು ಇರಲಿ, ತನಗೆ ಏನಾದರೂ ಹೇಳುವುದಿದೆಯಾ ಎಂದು ಕೇಳಿದಳು. ಆಸ್ಪತ್ರೆಯ ಚೀಟಿ ಗೀಟಿ ಎಲ್ಲ ತೆಗೆದುಕೊಂಡೆಯಾ ಎಂದೆ. ತಲೆಯಾಡಿಸಿ ಕೆಳಗೆ ಹೋದಳು.

ಹೇಳುವುದಿದೆ. ಗಾಡಿಯಲ್ಲಿ ಹೇಳಬೇಕು. ಸೊಸೆಯ ಎದುರಿಗೇ. ಬಿತ್ನಾ, ಆ ದಿನ ನಾನು ಗುಡ್ಡಕ್ಕೆ ಹೋಗಿ ಆ ಕೋಲು ಕಡಿದು ತಂದದ್ದು...