ಬಾಲ್ಕನಿಯಲ್ಲಿ ನಿಂತ ಹೆಂಗಸು

ಗುರುವಾರ, ಹತ್ತೊಂಬತ್ತನೇ ತಾರೀಖು
ಮಧ್ಯಾಹ್ನ, ಅತ್ತೆ ಮಲಗಿರುವಾಗ

ಪ್ರೀತಿಯ ಸಿಸ್ಟರ್ ಅಕ್ಕನಿಗೆ,

ನಿಮ್ಮ ತಮ್ಮನ ಹೆಂಡತಿ ಮಾಡುವ ವಂದನೆಗಳು. ನಿಮ್ಮ ಎರಡು ಕಾಗದಗಳೂ ತಲುಪಿವೆ. ಉತ್ತರ ಬರೆಯದೆ ಇಷ್ಟು ದಿನ ತಡ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಾನು ಪೆನ್ನು ಹಿಡಿದು ಕೂತರೆ ಸಾಕು, ಅತ್ತೆ ಬಂದು "ಏನು ಬರೀತಿದ್ದೀಯ, ನನ್ನ ಮೇಲೆ ಕಂಪ್ಲೇಂಟಾ?" ಅಂತ ಕಾಗದ ಕಿತ್ತುಕೊಳ್ಳುತ್ತಾರೆ. ಇವತ್ತು ಊಟ ಆದ ಮೇಲೆ ಅವರಿಗೆ ಚೆನ್ನಾಗಿ ನಿದ್ದೆ ಹತ್ತಿದೆ. ಹೊಲಿಗೆ ಮೆಷಿನ್ ಸದ್ದು ನಿಂತರೆ ಎಚ್ಚರವಾಗಿಬಿಡುತ್ತಾರೆ, ಅದಕ್ಕೆ ಕಾಲಲ್ಲಿ ಸುಮ್ಮನೆ ಪೆಡಲ್ ತುಳಿಯುತ್ತಾ ಮೆಷಿನ್ ಮೇಲೇ ಕಾಗದ ಇಟ್ಟು ಬರೀತಿದ್ದೀನಿ. ಅಕ್ಷರ ಕುಣಿದರೆ ನನ್ನನ್ನು ಬೈಯಬೇಡಿ.

ಕೆಳಗಿನ ಮನೆಯ ಕಂಡಕ್ಟರ್ ಮಾಮ, ಅದೇ ಬಸ್ ಡಿಪೋದಿಂದ ರಿಟೈರ್ ಆದವರು, ಕವರಿನ ಮೇಲೆ ನಾನು ನಿಮ್ಮ ಹೆಸರಿನ ಬದಲು "ಸಿಸ್ಟರ್ ಅಕ್ಕ" ಅಂತ ಬರೆಯೋದು ನೋಡಿ ನಗುತ್ತಾರೆ. "ಎರಡು ಸಲ ಅಕ್ಕ ಅಂದ ಹಾಗಾಯ್ತಲ್ಲಮ್ಮಾ!" ಅಂತ. ಏನು ಮಾಡಲಿ, ಕಾನ್ವೆಂಟಿಗೆ ನೀವು ಸಿಸ್ಟರ್, ನಮ್ಮ ಮನೆಗೆ ಅಕ್ಕ. ಯಾವುದನ್ನು ಬಿಡಲಿ?

ನಿಮ್ಮ ತಮ್ಮ ಚೆನ್ನಾಗಿದ್ದಾರೆ. ಹೋದ ವಾರ ಟ್ಯಾಂಕರ್ ನಿಲ್ಲಿಸಿ ಮನೆಗೆ ಬಂದರು, ಉಂಡರು, ಮಲಗಿದರು, ಸೋರುತ್ತಿದ್ದ ನಲ್ಲಿ ಸರಿಮಾಡಿದರು, ಹೋದರು. ಅತ್ತೆಗೆ ಅವರ ಗುರುತು ಹತ್ತಲಿಲ್ಲ. "ನಲ್ಲಿಯವನು ಒಳ್ಳೆಯವನು, ಕಾಫಿ ಕೊಡು" ಅಂದರು. ಅವರು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಕಣ್ಣು ಕೆಂಪಗಿತ್ತು.

ಅತ್ತೆ ಲಂಗದಲ್ಲೇ ಬಸ್ ಸ್ಟ್ಯಾಂಡಿನವರೆಗೂ ಹೋಗಿದ್ದರಲ್ಲ, ಅವತ್ತಿಂದ ಮುಂಬಾಗಿಲಿಗೆ ಹೊಸ ಬೀಗ. ಒಳಗಿಂದ ತೆಗೆಯೋಕೂ ಕೀಲಿ ಬೇಕು. ಅದನ್ನು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದೀನಿ. ಪಕ್ಕದಲ್ಲಿ ನನ್ನ ಶಿಲುಬೆ. ಬಗ್ಗಿದಾಗ ಎರಡೂ ತಾಗಿ ಟಿಣ್ ಅನ್ನುತ್ತವೆ. ಅತ್ತೆ ದಿನಾ ಸಾಯಂಕಾಲ ಬಾಗಿಲ ಹತ್ತಿರ ನಿಂತು, "ನನ್ನನ್ಯಾಕೆ ಕೂಡಿ ಹಾಕಿದ್ದೀಯ? ನಾನೇನು ಮಾಡಿದೆ?" ಅಂತ ಕೇಳ್ತಾರೆ. ಏನು ಹೇಳಲಿ ಅಕ್ಕ? ಬೀಗ ಹಾಕಿದ ಮೇಲೆ ಒಳಗೆ ಉಳಿಯೋರು ಇಬ್ಬರು. ಯೂನಿಫಾರ್ಮ್ ಬಟ್ಟೆ ತಂದುಕೊಡುವವನು, ತೆಗೆದುಕೊಂಡು ಹೋಗುವವನು, ಇಷ್ಟೇ ನನ್ನ ಹೊರಗಿನ ಜನ. ಭಾನುವಾರ ಚರ್ಚಿನ ಗಂಟೆ ಕಿಟಕಿಯಲ್ಲಿ ಕೇಳುತ್ತೆ. ಪೂಜೆಗೆ ಹೋಗಿ ಎಷ್ಟೋ ತಿಂಗಳಾಯಿತು. ಫಾದರ್ ಒಂದು ಸಲ ಮನೆಗೇ ಪರಮಪ್ರಸಾದದ ರೊಟ್ಟಿ ತಂದರು. ಅತ್ತೆ ಅವರನ್ನು ಗ್ಯಾಸಿನವನು ಅಂದುಕೊಂಡು, "ಸಿಲಿಂಡರ್ ಎಲ್ಲಿ? ಬರಿಗೈಲಿ ಬರೋಕೆ ನಾಚಿಕೆ ಆಗಲ್ವಾ?" ಅಂತ ಝಾಡಿಸಿದರು. ಮತ್ತೆ ಅವರು ಈ ಕಡೆ ತಲೆ ಹಾಕಿಲ್ಲ.

ಎರಡೂ ಕಾಗದದಲ್ಲಿ ನೀವು ಒಂದೇ ಮಾತು ಬರೆದಿದ್ದೀರಿ. ಯೇಸುಸ್ವಾಮಿ ದಿನದ ಪುಟ್ಟ ಪುಟ್ಟ ಕೆಲಸಗಳಲ್ಲಿ ಸಿಗುತ್ತಾರೆ, ಕಣ್ಣು ತೆರೆದು ನೋಡು, ಸಿಕ್ಕ ಕ್ಷಣವನ್ನು ನನಗೆ ಬರೆ ಅಂತ. ಹುಡುಕಿದೆ ಅಕ್ಕ, ಸುಳ್ಳು ಹೇಳಲ್ಲ. ಪಾತ್ರೆ ತೊಳೆಯುವಾಗ ಹುಡುಕಿದೆ. ಅತ್ತೆ ಒದ್ದೆ ಮಾಡಿದ ಹಾಸಿಗೆ ಒಗೆಯುವಾಗ ಹುಡುಕಿದೆ. ಬರೀ ಸೊಂಟ ನೋವು ಸಿಕ್ಕಿತು. ನಿಮಗೆ ಬರೆಯೋಕೆ ಏನೂ ಇರಲಿಲ್ಲ. ಮೊನ್ನೆ ಸೋಮವಾರ ಒಂದು ನಡೆಯಿತು. ನೀವು ಕೇಳಿದ್ದು ಇದೇನಾ ಅಂತ ಗೊತ್ತಿಲ್ಲ. ನಡೆದ ಹಾಗೆ ಹೇಳ್ತೀನಿ.

ಹಾಲು ಒಲೆ ಮೇಲಿಟ್ಟು, ಅದು ಕಾಯುವಷ್ಟರಲ್ಲಿ ಬಟ್ಟೆ ಹರವೋಣ ಅಂತ ಬಾಲ್ಕನಿಗೆ ಹೋದೆ. ಹಿಂದೆ ಚಿಲಕ ಬಿದ್ದ ಸದ್ದು. ತಿರುಗಿ ನೋಡಿದರೆ ಕಿಟಕಿ ಸರಳಿನ ಆಚೆ ಅತ್ತೆ.

"ಅತ್ತೆ, ಬಾಗಿಲು ತೆಗೀರಿ."

"ಯಾರಮ್ಮಾ ನೀನು? ಮನೇಲಿ ಯಾರೂ ಇಲ್ಲ. ಆಮೇಲೆ ಬಾ."

"ನಾನು ಅತ್ತೆ! ನಿಮ್ಮ ಸೊಸೆ!"

"ನನ್ನ ಮಗನಿಗೆ ಇನ್ನೂ ಮದುವೆ ಆಗಿಲ್ಲ" ಅಂದರು, ಬಹಳ ಗಂಭೀರವಾಗಿ. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ.

ಕೂಗಿದೆ. ಸುಡು ಮಧ್ಯಾಹ್ನ, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಫೋನು ಒಳಗೆ. ಮೂರನೇ ಮಹಡಿಯಿಂದ ಹಾರೋಕಾಗುತ್ತಾ? ಬಾಗಿಲು ಗುದ್ದಿದೆ. ಗುದ್ದಿದಷ್ಟೂ ಅವರು ಹೆದರಿ ಹಿಂದೆ ಸರಿದರು. ನಾನು ಅವರನ್ನು ಏನೇನು ಅಂದೆನೋ, ಅದನ್ನು ಬರೆಯಲ್ಲ. ಅಷ್ಟರಲ್ಲಿ ಹಾಲಿನ ವಾಸನೆ ಬಂತು. ಉಕ್ಕಿ ಒಲೆ ಆರಿಹೋಗಿ ಗ್ಯಾಸ್ ತುಂಬಿಕೊಂಡರೆ? "ಗ್ಯಾಸ್ ಆಫ್ ಮಾಡಿ, ಗ್ಯಾಸ್ ಆಫ್ ಮಾಡಿ" ಅಂತ ಅರಚಿದೆ. ಅವರು ಕಿವಿ ಮುಚ್ಚಿಕೊಂಡರು. ಕೊನೆಗೆ ಬಾಯಿಂದ ಅದೇನು ಹೊರಟಿತೋ, "ಅಯ್ಯೋ, ಹಾಲು ಉಕ್ತಿದೆ!" ಅಂದೆ.

ಅಷ್ಟೇ ಅಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದರು. ಒಲೆ ಆರಿಸಿದ ಟಕ್ ಸದ್ದು ನನಗೆ ಕೇಳಿಸಿತು. ಮಗನ ಮುಖ ಮರೆತಿದ್ದರೂ ಆ ಕೈಗಳು ಒಲೆಯನ್ನು ಮರೆತಿರಲಿಲ್ಲ.

ನಾನು ಅಲ್ಲೇ ನೆಲಕ್ಕೆ ಕೂತು ಅತ್ತುಬಿಟ್ಟೆ. ಜೋರಾಗಿ, ಮಾನ ಮರ್ಯಾದೆ ಬಿಟ್ಟು. ತಲೆ ಎತ್ತಿದಾಗ ಕಿಟಕಿಯಲ್ಲಿ ಮತ್ತೆ ಅವರು. ಕೈಯಲ್ಲಿ ಬೆಳಗಿನ ಬನ್ನು. ಅದನ್ನು ಎರಡು ಮಾಡಿದರು. ದೊಡ್ಡ ತುಂಡನ್ನು ಸರಳಿನ ನಡುವೆ ನನ್ನ ಕಡೆ ಚಾಚಿ, "ಬೆಳಗ್ಗೆಯಿಂದ ಏನೂ ತಿಂದಿಲ್ಲ ಅಲ್ವಾ? ತಗೋ ಮಗಾ, ನಾಚ್ಕೋಬೇಡ" ಅಂದರು.

ನಿಜವಾಗಲೂ ತಿಂದಿರಲಿಲ್ಲ. ನಾನು ತಿಂದೆನಾ ಅಂತ ಈ ಮನೆಯಲ್ಲಿ ಯಾರಾದರೂ ಕೇಳಿ ಯಾವ ಕಾಲವಾಯಿತೋ. ತಗೊಂಡೆ. ಅವರು ಆಚೆ, ನಾನು ಈಚೆ, ಇಬ್ಬರೂ ತಿಂದೆವು. ಒಣಗಿದ ಬನ್ನು, ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೂ ಒಂದು ಚೂರೂ ಕೆಳಗೆ ಬೀಳದ ಹಾಗೆ ಅಂಗೈ ಹಿಡಿದುಕೊಂಡು ತಿಂದೆ. ಪರಮಪ್ರಸಾದ ತೆಗೆದುಕೊಳ್ಳುವಾಗ ಹಿಡಿಯೋ ಹಾಗೆ ಹಿಡಿದೆ, ಯಾಕೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಸರಳಿನ ಸಂದಿಯಲ್ಲಿ ಕೈ ತೂರಿಸಿ, ಹೆಬ್ಬೆರಳಲ್ಲಿ ನನ್ನ ಹಣೆಗೆ ಶಿಲುಬೆ ಗುರುತು ಹಾಕಿದರು. "ಸ್ವಾಮೀ, ಇವಳ್ಯಾರೋ ನನಗೆ ಗೊತ್ತಿಲ್ಲ, ನಿನಗೆ ಗೊತ್ತಿರುತ್ತೆ. ಬಿಸಿಲಲ್ಲಿ ನಿಂತಿದ್ದಾಳೆ. ಇವಳಮ್ಮ ಕಾಯ್ತಿರ್ತಾಳೆ, ಬೇಗ ಮನೆ ಸೇರಿಸು" ಅಂದರು. ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಬಿಸಿಲು ಇಳಿದ ಮೇಲೆ ಕಂಡಕ್ಟರ್ ಮಾಮ ವಾಕಿಂಗಿಗೆ ಹೊರಬಿದ್ದರು. ಕೂಗಿ, ಕುತ್ತಿಗೆಯ ಕೀಲಿ ಬಿಚ್ಚಿ ಕೆಳಗೆ ಎಸೆದೆ. ಮೇಲೆ ಬಂದು ಬಾಗಿಲು ತೆಗೆದವರನ್ನು ಅತ್ತೆ ಸಂಭ್ರಮದಿಂದ ಬರಮಾಡಿಕೊಂಡು, "ಬಾಲ್ಕನಿಯಲ್ಲಿ ಯಾರೋ ಪಾಪದ ಹೆಂಗಸು ನಿಂತಿದ್ದಾಳೆ. ಒಳಗೆ ಕರೀರಿ. ಈ ಮನೆಯವರು ನನಗೆ ಯಾವ ಬಾಗಿಲೂ ತೆಗೆಯೋಕೆ ಬಿಡಲ್ಲ" ಅಂದರಂತೆ. ಮಾಮ ಬಂದು ಬಾಲ್ಕನಿಯ ಚಿಲಕ ತೆಗೆದರು. ನಾನು ಒಳಗೆ ಬಂದೆ, ಮುಂಬಾಗಿಲಿಗೆ ಮತ್ತೆ ಬೀಗ ಹಾಕಿದೆ. ಹಾಕದೆ ಏನು ಮಾಡಲಿ?

ಆ ಬನ್ನು ತಿಂದಾಗ ಸ್ವಾಮಿ ಅಲ್ಲಿದ್ದರು ಅಂತ ನನಗನ್ನಿಸುತ್ತೆ. ಇದ್ದರು, ಆದರೆ ಚಿಲಕ ತೆಗೆಯಲಿಲ್ಲ. ಸರಳಿನ ಆಚೆಗೋ ಈಚೆಗೋ, ನಮ್ಮ ಜೊತೆ ಅವರೂ ಸಿಕ್ಕಿಹಾಕಿಕೊಂಡಿದ್ದರು. ಇಷ್ಟೇ ನನಗೆ ತಿಳಿದದ್ದು. ಇದು ಸಮಾಧಾನವೋ ಅಲ್ಲವೋ, ನೀವು ಓದಿದವರು, ನೀವೇ ಹೇಳಿ.

ಅತ್ತೆ ಮಗ್ಗುಲು ಬದಲಿಸುತ್ತಿದ್ದಾರೆ. ನಿಮ್ಮ ಮಂಡಿ ನೋವಿಗೆ ಬಿಸಿನೀರಿನ ಶಾಖ ಕೊಡಿ. ಹಾಸ್ಟೆಲಿನ ಹುಡುಗಿಯರಿಗೆ ನನ್ನ ಪ್ರೀತಿ ತಿಳಿಸಿ. ಸ್ವಾಮಿ ನಿಮ್ಮನ್ನು ಆರೋಗ್ಯವಾಗಿ ಇಟ್ಟಿರಲಿ, ಮಾತೆ ಮರಿಯಮ್ಮನ ನೆರಳು ನಿಮ್ಮ ಮೇಲಿರಲಿ.

ಇಂತಿ,
ನಿಮ್ಮ ತಮ್ಮನ ಹೆಂಡತಿ

ಕವರ್ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಹೋದ ತಿಂಗಳು ನಮ್ಮಮ್ಮ ತೀರಿಕೊಂಡರು. ನನ್ನನ್ನು ಹೆತ್ತ ಅಮ್ಮ. ಅವತ್ತು ಬೆಳಗ್ಗೆ ಅಣ್ಣ ಫೋನ್ ಮಾಡಿದ. ನಿಮ್ಮ ತಮ್ಮ ಟ್ಯಾಂಕರಿನ ಜೊತೆ ಎಲ್ಲೋ ದೂರದಲ್ಲಿದ್ದರು. ಕಂಡಕ್ಟರ್ ಮಾಮನ ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದರು. ಗಂಡಸರು ಅತ್ತೆಗೆ ಬಟ್ಟೆ ಬದಲಿಸೋಕಾಗುತ್ತಾ? ನಿಮ್ಮ ಕಾನ್ವೆಂಟಿಗೆ ಫೋನ್ ಮಾಡಿದೆ. ಎತ್ತಿದ ಸಿಸ್ಟರ್, "ಅವರು ಮೌನಧ್ಯಾನದಲ್ಲಿದ್ದಾರೆ. ಅವರ ತಾಯಿಗೇನಾದರೂ ಆಯ್ತಾ?" ಅಂದರು. ಇಲ್ಲ, ಅವರು ಚೆನ್ನಾಗಿದ್ದಾರೆ ಅಂದೆ. "ಹಾಗಾದರೆ ಧ್ಯಾನ ಮುಗಿದ ಮೇಲೆ ತಿಳಿಸಲಾ?" ಅಂದರು. ಬೇಡ ಅಂದೆ. ಅಮ್ಮನನ್ನು ಮಣ್ಣು ಮಾಡಿದ್ದನ್ನು ಅಣ್ಣ ಮಾಡಿದ ವಿಡಿಯೋ ಕಾಲಿನಲ್ಲಿ ನೋಡಿದೆ. ಅತ್ತೆ ಪಕ್ಕ ಕೂತು, "ಯಾರು ಹೋಗಿದ್ದು?" ಅಂತ ಕೇಳಿದರು. ಗೊತ್ತಿರೋರು ಅಂದೆ.

ಅಕ್ಕ, ನಾನು ಹೋಗಿ ಒಂದು ಸಲ ಸಮಾಧಿ ಮುಟ್ಟಿ ಬರಬೇಕು. ಅತ್ತೆ ನಿಮಗೂ ಅಮ್ಮನೇ ಅಲ್ವಾ, ಒಂದು ವಾರ ಬಂದು ನೋಡಿಕೊಳ್ಳಿ. ಪ್ರಾರ್ಥನೆ ಮಾಡ್ತೀನಿ ಅಂತ ಬರೀಬೇಡಿ. ಯಾವ ಬಸ್ಸಿಗೆ ಬರ್ತೀರಿ ಅಂತ ಬರೀರಿ.